ಕಾಲಿನ ಮೇಲಿನ ನೇರಳೆ ಚುಕ್ಕೆಗಳು



ಕಂಪ್ಯೂಟರ್ ಬಗ್ಗೆ ಎರಡು ಮಾತು ಹೇಳು ಎಂದು ಹೆಡ್‌ಮಾಸ್ಟರು ಕರೆದರು. ಅದು ಈ ಮಕ್ಕಳಿಗೆ ಆಗಲೇ ಗೊತ್ತು. ನಾನು ಬಿ.ಇ. ಓದಿದವನು, ಡಾಕ್ಟರಲ್ಲ. ಆದರೂ ಇವತ್ತು ಒಂದು ಕಾಯಿಲೆಯ ವಿಷಯ ಹೇಳುತ್ತೇನೆ. ಅದು ಹೆಚ್ಚಾಗಿ ಬರುವುದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ.

ಅದರ ಹೆಸರು ಐಜಿಎ ವ್ಯಾಸ್ಕುಲೈಟಿಸ್. ಅಂದರೆ ಸಣ್ಣ ರಕ್ತನಾಳಗಳ ಉರಿಯೂತ. ಹಳೆಯ ಹೆಸರು ಹೆನಾಕ್-ಶೋನ್‌ಲೈನ್ ಪರ್ಪ್ಯುರಾ. 1837ರಲ್ಲಿ ಜರ್ಮನಿಯ ಶೋನ್‌ಲೈನ್ ಚುಕ್ಕೆಗೂ ಕೀಲುನೋವಿಗೂ ಇರುವ ನಂಟನ್ನು ಬರೆದರು. ಹೊಟ್ಟೆನೋವನ್ನೂ ಮೂತ್ರಪಿಂಡವನ್ನೂ ಅದಕ್ಕೆ ಸೇರಿಸಿದವರು ಅವರ ಶಿಷ್ಯ ಹೆನಾಕ್. ಹೆಸರಿನಲ್ಲಿ ಮಾತ್ರ ಶಿಷ್ಯರೇ ಮುಂದೆ! ಗುರುಗಳು ಕ್ಷಮಿಸಬೇಕು.

ನಮ್ಮ ಅಕ್ಕನ ಮಗ ಏಳನೇ ತರಗತಿಯಲ್ಲಿದ್ದಾಗ ಅವನಿಗೆ ಇದು ಬಂತು. ಮೊದಲು ಗಂಟಲುನೋವು, ಜ್ವರ. ಮೂರು ದಿನಕ್ಕೆ ವಾಸಿಯಾಗಿ ಶಾಲೆಗೆ ಹೋದ. ಹತ್ತು ದಿನ ಕಳೆದ ಮೇಲೆ ಮೊಣಕಾಲಿನ ಕೆಳಗೆ, ಕುಂಡೆಯ ಮೇಲೆ ಕೆಂಪು-ನೇರಳೆ ಚುಕ್ಕೆಗಳು. ಸವರಿದರೆ ಕೈಗೆ ಉಬ್ಬು ತಾಗುತ್ತಿತ್ತು. ಪಾದದ ಕೀಲು ಊದಿತ್ತು. ಮನೆಯಲ್ಲಿ ಮೊದಲು ಬಂದ ಪ್ರಶ್ನೆ, "ಯಾವ ಮೇಷ್ಟ್ರು ಹೊಡೆದರೋ?" ಶಾಲೆಯವರಿಗೆ ಮನೆಯಲ್ಲೇ ಹೊಡೆದಿದ್ದಾರೆಂಬ ಅನುಮಾನ. ಅಜ್ಜಿಗೆ ಅದು ಪಿತ್ತದ ಗಂಧೆ. ಹೀಗೇ ಎರಡು ದಿನ ಹೋಯಿತು.

ಮಕ್ಕಳ ಡಾಕ್ಟರು ಒಂದು ಗಾಜಿನ ಲೋಟ ತೆಗೆದುಕೊಂಡು ಚುಕ್ಕೆಯ ಮೇಲೆ ಒತ್ತಿದರು. ಬಣ್ಣ ಮಾಸಲಿಲ್ಲ. ಗಂಧೆಯಾಗಿದ್ದರೆ ರಕ್ತ ನಾಳದೊಳಗೇ ಇರುತ್ತದೆ, ಒತ್ತಿದಾಗ ಸರಿದು ಚರ್ಮ ಬಿಳಿಚುತ್ತದೆ. ಇಲ್ಲಿ ರಕ್ತ ನಾಳದಿಂದ ಹೊರಗೆ ಸೋರಿತ್ತು. ಡೆಂಗಿಯಲ್ಲೂ ಇಂಥ ಚುಕ್ಕೆ ಬರುವುದುಂಟು, ಆದರೆ ಅದರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಇವನ ಪ್ಲೇಟ್‌ಲೆಟ್ ಸರಿಯಾಗಿತ್ತು.

ಗಂಟಲಿನ ಸೋಂಕಿಗೂ ಕಾಲಿಗೂ ಏನು ಸಂಬಂಧ? ಮೂಗು, ಗಂಟಲು, ಕರುಳಿನ ಒಳಪದರವನ್ನು ಕಾಯುವ ಪ್ರತಿಕಾಯ ಐಜಿಎ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಬಂದರೂ, ನೆಗಡಿಯ ವೈರಸ್ ಬಂದರೂ ದೇಹ ಅದನ್ನು ತಯಾರಿಸುತ್ತದೆ. ಕೆಲವು ಮಕ್ಕಳಲ್ಲಿ ಈ ಐಜಿಎ ಗಂಟುಗಂಟಾಗಿ ರಕ್ತದಲ್ಲಿ ಹರಿದು ಸಣ್ಣ ನಾಳಗಳ ಗೋಡೆಗೆ ಅಂಟುತ್ತದೆ. ಬಿಳಿ ರಕ್ತಕಣಗಳು ಅದನ್ನು ಶತ್ರುವೆಂದು ತಿಳಿದು ಮುತ್ತಿಗೆ ಹಾಕುತ್ತವೆ, ಗೋಡೆ ಹಾಳಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವೈರಸ್ ಹೋಗಿದೆ, ಆಂಟಿವೈರಸ್ ಇನ್ನೂ ಓಡುತ್ತಲೇ ಇದೆ. ಆದ್ದರಿಂದಲೇ ಸೋಂಕು ವಾಸಿಯಾಗಿ ಒಂದರಿಂದ ಮೂರು ವಾರದ ಮೇಲೆ ಚುಕ್ಕೆ ಬರುವುದು. ಸೋಂಕು ಒಬ್ಬರಿಂದ ಒಬ್ಬರಿಗೆ ಹರಡೀತು, ಚುಕ್ಕೆ ಹರಡುವುದಿಲ್ಲ. ಆ ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸಬೇಕಾಗಿಲ್ಲ.

ಸಾಮಾನ್ಯವಾಗಿ ನಾಲ್ಕಾರು ವಾರದಲ್ಲಿ ತಾನಾಗಿ ಹೋಗುತ್ತದೆ, ಕೆಲವರಿಗೆ ಮರುಕಳಿಸುತ್ತದೆ. ಹೊಟ್ಟೆನೋವು ಜೋರಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡಬಾರದು. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ, ಮೂತ್ರಪಿಂಡಕ್ಕೆ ಪೆಟ್ಟಾದೀತು. ಒತ್ತಿದರೂ ಮಾಸದ ಚುಕ್ಕೆಯ ಜೊತೆಗೆ ಜ್ವರವಿದ್ದು ಮಗು ಮಂಕಾಗಿದ್ದರೆ ಅದು ಮೆದುಳುಜ್ವರದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ದೂ ಆಗಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ.

ಚುಕ್ಕೆ ಮಾಯವಾದ ಕೂಡಲೇ ಮನೆಯವರೆಲ್ಲ ಮರೆತುಬಿಡುತ್ತಾರೆ. ಮೂತ್ರಪಿಂಡದ ತೊಂದರೆ ಕಾಣುವುದು ಆಮೇಲೆ, ನೋವೂ ಇಲ್ಲದೆ. ಅದಕ್ಕೇ ಆರು ತಿಂಗಳು ಆಗಾಗ ಮೂತ್ರ ಪರೀಕ್ಷೆ, ಬಿಪಿ ನೋಡಿಸುವುದು. ಮೂತ್ರದ ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ನಮ್ಮ ಹುಡುಗನಿಗೆ ಎರಡನೇ ತಿಂಗಳಲ್ಲಿ ಪ್ರೋಟೀನ್ ಕಂಡಿತು. ಅವನು ಆಗ ದಿನಾ ಕ್ರಿಕೆಟ್ ಆಡುತ್ತಿದ್ದ, ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಬೇಗ ಔಷಧಿ ಶುರುವಾಯಿತು. ಈಗ ಮೂತ್ರ ಸರಿಯಾಗಿದೆ. ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತಾನೆ.