ಚೀನಾ ನೂಲು, ರಾಮನಗರದ ಗೂಡು



ಮಾಗಡಿ ಸೀಮೆಯ ಕೆಂಪಾಪುರ ಎಂದೊಡನೆ ಈಗ ನೆನಪಾಗುವುದು 2015ರಲ್ಲಿ ಅಲ್ಲಿ ಗುರುತಿಸಿದ ಹಿರಿಯ ಕೆಂಪೇಗೌಡರ ಸಮಾಧಿ. ಬೆಂಗಳೂರಿನ ಪೇಟೆಗಳನ್ನು ಕಟ್ಟಿಸಿದವರು ಅವರು. ಆದರೆ ಇವತ್ತು ನಾನು ಹೇಳಹೊರಟಿರುವುದು ಆ ಸೀಮೆಯ ಹಿಪ್ಪುನೇರಳೆ ಸೊಪ್ಪಿಗೂ ಹಿಮಾಲಯದಾಚೆಯ ನೆರೆಯ ದೇಶಕ್ಕೂ ಇರುವ ನಂಟನ್ನು.

ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಸರಿಯಾದ ನಿದ್ದೆ ಇರುವುದಿಲ್ಲ. ಹುಳು ನಾಲ್ಕು ಜ್ವರ ದಾಟಬೇಕು, ಹಣ್ಣಾಗಬೇಕು, ಗೂಡು ಕಟ್ಟಲು ಚಂದ್ರಿಕೆ ಏರಬೇಕು. ಪೊರೆ ಬಿಡುವುದಕ್ಕೆ ಜ್ವರ ಎಂದು ಹೆಸರಿಟ್ಟವರು ಮಕ್ಕಳನ್ನು ಸಾಕಿ ಗೊತ್ತಿದ್ದ ಹೆಂಗಸರೇ ಇರಬೇಕು. ಗೂಡು ಬಿಡಿಸಿ, ಮೂಟೆ ಕಟ್ಟಿ, ರಾಮನಗರದ ಮಾರುಕಟ್ಟೆಗೆ ತಂದು ಸುರಿದ ದಿನ ದರ ಬಿದ್ದಿದ್ದರೆ ಕಿವಿಗೆ ಬೀಳುವ ಮಾತು ಒಂದೇ: "ಚೀನಾ ನೂಲು ಬಂದದಂತೆ."

ನೆಪದ ಮಾತೂ ಇರಬಹುದು. ಆದರೆ ಪೂರಾ ಸುಳ್ಳಲ್ಲ. ರೇಷ್ಮೆ ಬೆಳೆಯುವುದರಲ್ಲಿ ಚೀನಾ ಮೊದಲು, ನಾವು ಎರಡನೆಯವರು. ಹಾಗಿದ್ದೂ ಅವರ ನೂಲನ್ನು ಕೊಳ್ಳುವವರಲ್ಲಿ ನಾವೂ ಇದ್ದೇವೆ. ಕಾರಣ ಮಗ್ಗದಲ್ಲಿದೆ. ನಮ್ಮಲ್ಲಿ ಬಹುಕಾಲ ಬೆಳೆದದ್ದು ಮೈಸೂರು ತಳಿಯನ್ನು ಬೆರೆಸಿದ ಹಳದಿ ಗೂಡು. ಅದರ ನೂಲು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಚೆನ್ನ. ಹಾಸಾಗಿ, ಅಂದರೆ ಉದ್ದ ಎಳೆಯಾಗಿ, ಹಾಕಿ ಪವರ್‌ಲೂಮ್ ಓಡಿಸಿದರೆ ಎಳೆ ಕಿತ್ತುಬರುತ್ತದೆ, ಮಗ್ಗ ನಿಲ್ಲುತ್ತದೆ. ದ್ವಿತಳಿ ಹುಳುವಿನ ಬಿಳಿ ಗೂಡಿನ ಎಳೆ ಉದ್ದ, ದಪ್ಪವೂ ಒಂದೇ ಸಮ. ಚೀನಾದಿಂದ ಬರುವುದು ಅಂಥ ನೂಲು. ಕೆಂಪೇಗೌಡರ ಪೇಟೆಗಳಲ್ಲಿ ಇವತ್ತು ಮಾರಾಟವಾಗುವ ಎಷ್ಟೋ ಸೀರೆಗಳಲ್ಲಿ ಹಾಸು ಚೀನಾದ್ದು, ಹೊಕ್ಕು ನಮ್ಮದು.

ಹೀಗಾಗಿ ದೆಹಲಿಯಲ್ಲಿ ಆಮದು ಸುಂಕ ಅಲುಗಾಡಿದರೆ ರಾಮನಗರದಲ್ಲಿ ಗೂಡಿನ ದರವೂ ಅಲುಗಾಡುತ್ತದೆ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ನೇಕಾರರು ನಿಟ್ಟುಸಿರು ಬಿಟ್ಟರು. ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು, ನಡುವೆ ಹತ್ತಕ್ಕೆ ಇಳಿಯಿತು, 2021ರಲ್ಲಿ ಮತ್ತೆ ಹದಿನೈದಾಯಿತು. ಸುಂಕ ಏರಲಿ ಎನ್ನುವ ಬೆಳೆಗಾರನದೂ ತಪ್ಪಲ್ಲ, ಇಳಿಯಲಿ ಎನ್ನುವ ನೇಕಾರನದೂ ತಪ್ಪಲ್ಲ. ನನ್ನನ್ನು ಕೇಳಿದರೆ, ಸುಂಕ ಎಷ್ಟಿರಬೇಕು ಎನ್ನುವುದಕ್ಕಿಂತ ಅದು ಹೀಗೆ ಏರಿಳಿಯುವುದೇ ದೊಡ್ಡ ತೊಂದರೆ. ಹಿಪ್ಪುನೇರಳೆ ಕಡ್ಡಿ ನೆಟ್ಟವನು ಹತ್ತಾರು ವರ್ಷದ ಲೆಕ್ಕ ಹಾಕಿ ನೆಟ್ಟಿರುತ್ತಾನೆ. ಬಜೆಟ್ಟು ವರ್ಷಕ್ಕೊಮ್ಮೆ ಬರುತ್ತದೆ.

ಗಡಿಯ ಸಂಗತಿಯೂ ವಿಚಿತ್ರ. 2006ರ ಜುಲೈನಲ್ಲಿ ಸಿಕ್ಕಿಂನ ನಾಥು ಲಾ ಕಣಿವೆದಾರಿ ವ್ಯಾಪಾರಕ್ಕೆ ಮತ್ತೆ ತೆರೆದಾಗ, ಆಚೆಯಿಂದ ತರಬಹುದಾದ ಸರಕುಗಳ ಪಟ್ಟಿಯಲ್ಲಿ ಚಮರೀಮೃಗದ ಬಾಲ, ಕುರಿಯ ಚರ್ಮ, ಉಪ್ಪಿನ ಜೊತೆಗೆ ಕಚ್ಚಾ ರೇಷ್ಮೆಯೂ ಇತ್ತು. ಆದರೆ ನಮ್ಮ ಪೇಟೆಗೆ ಬರುವ ನೂಲು ಬೆಟ್ಟ ಹತ್ತಿ ಇಳಿದು ಬರುವುದಿಲ್ಲ. ಸಮುದ್ರ ಬಳಸಿ ಹಡಗಿನಲ್ಲಿ ಬರುತ್ತದೆ. ಪಕ್ಕದ ಮನೆಯವರು ಊರನ್ನೆಲ್ಲ ಸುತ್ತಿಕೊಂಡು ಮುಂಬಾಗಿಲಿಗೆ ಬಂದಂತೆ.

ನಂಟೇನೋ ಹಳೆಯದು. ಕಾಳಿದಾಸ ಶಾಕುಂತಲದಲ್ಲಿ ಬಾವುಟದ ಬಟ್ಟೆಯನ್ನು ಕರೆದದ್ದೇ ಚೀನಾಂಶುಕ ಎಂದು. ಹುಳು ಸಾಕುವ ಕಸುಬು ಮೈಸೂರು ಸೀಮೆಯಲ್ಲಿ ಬೇರೂರಿದ್ದು ಮಾತ್ರ ಬಹಳ ತಡವಾಗಿ, 18ನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನ ಬಂಗಾಳದಿಂದ ಹುಳು ತರಿಸಿದ ಮೇಲೆ. ಇನ್ನು ಚೀನಾದ ನೂಲಿಗೆ ಸಾಟಿಯಾಗುವ ಬಿಳಿ ಗೂಡು ಬೆಳೆಯಲು 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಗೆ ನೆರವಾದದ್ದು ಜಪಾನ್. ಅಲ್ಲಿ ರೂಪುಗೊಂಡ ಸಿಎಸ್ಆರ್ ತಳಿಗಳು ಇವತ್ತು ನಮ್ಮ ರೈತರ ಮನೆಯಲ್ಲಿವೆ.

ಬಿಳಿ ಗೂಡು ಬಂತು, ಸರಿ. ಅದನ್ನು ಹಳೆಯ ಚರಕದಲ್ಲಿ ಬಿಚ್ಚಿದರೆ ಮತ್ತದೇ ಏರುಪೇರಿನ ಎಳೆ. ಅದಕ್ಕೆ ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರ ಬೇಕು. ಸರ್ಕಾರ ಸಹಾಯಧನವನ್ನೂ ಕೊಟ್ಟಿತು. ರಾಮನಗರದ ರೀಲರುಗಳು ಅಂಥ ಯಂತ್ರಗಳನ್ನು ಕೂರಿಸಿಕೊಂಡರು, ಚೀನಾ ನೂಲಿಗೆ ಸರಿಗಟ್ಟುವ ನೂಲು ಈಗ ಅಲ್ಲಿಯೇ ಬರುತ್ತಿದೆ. ಆ ಯಂತ್ರಗಳು ಬಂದದ್ದು ಎಲ್ಲಿಂದ ಎಂದು ಕೇಳುತ್ತೀರಾ? ಚೀನಾದಿಂದಲೇ.