ಎಡೆದೊರೆ ನಾಡಿನ ಬೇಡರು



ಕೃಷ್ಣಾ ತುಂಗಭದ್ರೆಗಳ ನಡುವಣ ಭೂಮಿಯನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳು ಈ ನಾಡಿನ ಊರುಗಳು. ಮಸ್ಕಿಯ ಹೆಸರನ್ನು ಕೇಳಿದೊಡನೆ 1915ರಲ್ಲಿ ಅಲ್ಲಿ ದೊರೆತ ಅಶೋಕನ ಶಾಸನವೂ, ಮುದಗಲ್ಲೆಂದೊಡನೆ ವಿಜಯನಗರದ ಅರಸರಿಗೂ ಸುಲ್ತಾನರಿಗೂ ನಡೆದ ಯುದ್ಧಗಳೂ ನೆನಪಿಗೆ ಬರುತ್ತವೆ. ಅರಸರ ಚರಿತ್ರೆಯನ್ನು ಅನೇಕರು ಬರೆದಿದ್ದಾರೆ. ಈ ಸೀಮೆಯ ಗುಡ್ಡಗಳನ್ನೂ ಊರುಗಳ ಎಲ್ಲೆಗಳನ್ನೂ ಕಾದವರಾದ ಬೇಡರ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಅರಿಕೆಮಾಡುತ್ತೇನೆ.

ಬೇಡನೆಂದರೆ ಬೇಟೆಗಾರ. ಈ ಜನರು ತಮ್ಮನ್ನು ನಾಯಕರೆಂದೂ ವಾಲ್ಮೀಕಿಯ ವಂಶದವರೆಂದೂ ಹೇಳಿಕೊಳ್ಳುವುದುಂಟು. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಕಾಳಹಸ್ತಿಯ ಕಣ್ಣಪ್ಪನನ್ನು ತಮ್ಮ ಹಿರಿಯನೆಂದು ಇವರು ಭಾವಿಸುತ್ತಾರೆ. ತೆಂಕಣ ಮೊಳಕಾಲ್ಮೂರು, ಚಳ್ಳಕೆರೆಗಳ ಕಡೆ ಮ್ಯಾಸಬೇಡರೆಂಬ ಪಂಗಡವುಂಟು. ಅವರು ದೇವರ ಹೆಸರಿನಲ್ಲಿ ಬಿಟ್ಟ ಎತ್ತುಗಳ ಹಿಂಡನ್ನು ಸಾಕುತ್ತಾರೆ. ಆ ಹಿಂಡನ್ನು ಕಾಯುವವನು ಕಿಲಾರಿ. ಊರುಗಳಲ್ಲಿ ನೆಲೆಸಿದವರು ಊರಬೇಡರು. ಎಡೆದೊರೆಯವರು ಬಹುಮಟ್ಟಿಗೆ ಈ ಎರಡನೆಯ ಬಗೆಯವರು.

ಊರಿನಲ್ಲಿ ಅವರಿಗಿದ್ದ ಅಧಿಕಾರ ತಳವಾರಿಕೆ. ಹೆಜ್ಜೆಯ ಗುರುತನ್ನು ಹಿಡಿದು ಮೃಗವನ್ನು ಅರಸಬಲ್ಲವನಿಗೆ ಕಳ್ಳನ ಜಾಡನ್ನು ಹಿಡಿಯುವುದು ಕಷ್ಟವಲ್ಲವಷ್ಟೆ. ರಾತ್ರಿಯ ಗಸ್ತು, ಬೆಳೆದ ಹೊಲದ ಮತ್ತು ಕಣದ ರಾಶಿಯ ಕಾವಲು, ಎಲ್ಲೆಗಲ್ಲುಗಳ ರಕ್ಷಣೆ, ಊರಿಗೆ ಬಂದ ಅಪರಿಚಿತನ ವಿಚಾರಣೆ, ಇವೆಲ್ಲವೂ ತಳವಾರನ ಹೊಣೆ. ಇದಕ್ಕೆ ಪ್ರತಿಫಲವಾಗಿ ಉಂಬಳಿಯ ಹೊಲವೂ ಸುಗ್ಗಿಯಲ್ಲಿ ಆಯದ ಧಾನ್ಯವೂ ಸಲ್ಲುತ್ತಿದ್ದುವು. ಕಳವು ಪತ್ತೆಯಾಗದಿದ್ದರೆ ನಷ್ಟವನ್ನು ಅವನೇ ತುಂಬಿಕೊಡಬೇಕೆಂಬ ಕಟ್ಟುಪಾಡು ಅನೇಕ ಕಡೆಗಳಲ್ಲಿತ್ತು. ಉತ್ತರದ ಜಿಲ್ಲೆಗಳಲ್ಲಿ ತಳವಾರ ಎಂಬುದು ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ.

ಊರಿಗೆ ತಳವಾರನಿದ್ದಂತೆ ಸೀಮೆಗೆ ನಾಯಕ. 1565ರ ಯುದ್ಧದಲ್ಲಿ ವಿಜಯನಗರವು ಮುರಿದ ಮೇಲೆ ಬೇಡನಾಯಕರು ತಮ್ಮ ತಮ್ಮ ಗುಡ್ಡಗಳಲ್ಲಿ ಪ್ರಬಲರಾದರು. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಒಂದು ಸಂಸ್ಥಾನ. ಕೃಷ್ಣೆಯ ಆಚೆಯ ದಡದ ಸುರಪುರ ಅದಕ್ಕಿಂತ ಹಿರಿದು. ಸುರಪುರದ ಬಳಿಯ ವಾಗಿನಗೇರಿಯ ಕೋಟೆಯನ್ನು 1705ರಲ್ಲಿ ಔರಂಗಜೇಬನು ಸ್ವತಃ ಮುತ್ತಿದನು. ಪಿಡ್ಡನಾಯಕನು ಕೆಲವು ತಿಂಗಳು ತಡೆದು ನಿಂತು, ಕೋಟೆ ಬೀಳುವ ಹೊತ್ತಿಗೆ ತಪ್ಪಿಸಿಕೊಂಡನು. ಬಾದಶಹನು ತಾನೇ ನಡೆಸಿದ ಮುತ್ತಿಗೆಗಳಲ್ಲಿ ಅದೇ ಕಡೆಯದು. 1707ರಲ್ಲಿ ಅವನು ತೀರಿಕೊಂಡನು.

ಬಾದಶಹಿಯನ್ನು ತಾಳಿಕೊಂಡ ಈ ಜೀವನಕ್ರಮವು ಕಂಪನಿಯ ಕಾಲದಲ್ಲಿ ಕುಸಿಯಿತು. 1841ರಿಂದ 1853ರವರೆಗೆ ಬಾಲಕ ರಾಜನಾದ ವೆಂಕಟಪ್ಪನಾಯಕನ ಸಂಸ್ಥಾನವನ್ನು ಮೆಡೋಸ್ ಟೇಲರನು ನೋಡಿಕೊಂಡನು. ಬಾಲಕನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನು. 1853ರಲ್ಲಿ ನಿಜಾಮನು ರಾಯಚೂರು ದೋಆಬನ್ನು ಕಂಪನಿಯ ಆಡಳಿತಕ್ಕೆ ಒಪ್ಪಿಸಿದನು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ಕಾದಾಡಿದರು. ಊರು ಸುಟ್ಟುಹೋಯಿತು, ಮುಂದಾಳುಗಳನ್ನು ಗಲ್ಲಿಗೇರಿಸಿದರು. 1858ರ ಫೆಬ್ರುವರಿಯಲ್ಲಿ ಸುರಪುರವೂ ಎದ್ದಿತು. ಲಿಂಗಸುಗೂರಿನಲ್ಲಿ ಕಂಪನಿಯ ದಂಡಿನ ಠಾಣ್ಯವಿದ್ದಿತು; ಹೊಳೆಯನ್ನು ದಾಟಿದರೆ ಬೇಡರ ಕೋಟೆ. ಸೋತ ವೆಂಕಟಪ್ಪನಾಯಕನು ಸೆರೆಯಾದನು. ಚೆಂಗಲ್ಪಟ್ಟಿಗೆ ಒಯ್ಯುವಾಗ ದಾರಿಯಲ್ಲಿ ಗುಂಡಿನಿಂದ ಮಡಿದನು. ಸಂಸ್ಥಾನವು 1860ರಲ್ಲಿ ನಿಜಾಮನಿಗೆ ಸೇರಿತು.

ಇಂತಹ ಪಾಡು ನಮ್ಮ ಬೇಡರಿಗೆ ಮಾತ್ರ ಬಂದುದಲ್ಲ. ಉತ್ತರ ಅಮೆರಿಕದ ಹುಲ್ಲುಗಾವಲಿನಲ್ಲಿ ಬ್ಲ್ಯಾಕ್‌ಫುಟ್, ಎಂದರೆ ಕರಿಯ ಪಾದದವರು, ಎಂಬ ಜನರುಂಟು. ಕಾಡೆಮ್ಮೆಯೇ ಅವರ ಊಟ, ಉಡುಪು, ಡೇರೆ. ಹಿಂಡನ್ನು ಅಟ್ಟಿ ಕಡಿದಾದ ಬಂಡೆಯಿಂದ ಕೆಡವುವ ಬೇಟೆ ಅವರಲ್ಲಿ ಬಹು ಹಿಂದಿನದು. 1877ರಲ್ಲಿ ಅವರು ಕೆನಡಾದ ಸರಕಾರದೊಡನೆ ಕರಾರು ಮಾಡಿಕೊಂಡರು. ಕೆಲವೇ ವರ್ಷಗಳಲ್ಲಿ ಕಾಡೆಮ್ಮೆಗಳು ಅಳಿದು, ವೀರರೆನಿಸಿದವರು ಸರಕಾರದ ಪಡಿಗೆ ಕಾದು ನಿಲ್ಲಬೇಕಾಯಿತು. ಅವರಿಗೆ ಕಾಡೆಮ್ಮೆ ಹೇಗೋ ಬೇಡನಿಗೆ ಆಯುಧ ಹಾಗೆ. ಆಯುಧವಿಲ್ಲದವನಿಗೆ ಬೇಟೆಯಿಲ್ಲ, ಕಾವಲಿಲ್ಲ, ಆಯವೂ ಇಲ್ಲ.

ಮೊಗಲರ ಬಖೈರುಗಳೂ ಕಂಪನಿಯ ಕಾಗದಪತ್ರಗಳೂ ಬೇಡರನ್ನು ಲೂಟಿಗಾರರೆಂದೇ ಬಣ್ಣಿಸಿವೆ. ಲೂಟಿ ನಡೆದದ್ದೂ ನಿಜವೇ. ಆದರೆ ಕೋಟೆಯನ್ನು ಮುತ್ತಿದವನು ಬರೆದ ಚರಿತ್ರೆಯಲ್ಲಿ ಒಳಗಿದ್ದವನು ಕಳ್ಳನಾಗುವುದು ಸಹಜ. ಅದೇ ಜನರ ಕೈಗೆ ಊರವರು ತಮ್ಮ ಕಣದ ರಾಶಿಯನ್ನು ತಲೆತಲಾಂತರದಿಂದ ಒಪ್ಪಿಸಿದ್ದರು. ಈ ಸಾಕ್ಷ್ಯವನ್ನು ಬಿಟ್ಟು ತೀರ್ಪು ಹೇಳುವುದು ನ್ಯಾಯವಾಗದು.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ತರುವಾಯ ಸಿಂಧನೂರಿನ ಎರೆಭೂಮಿ ಭತ್ತದ ಬಯಲಾಯಿತು; ಬೇಟೆಯ ಬಯಲು ಬಹುಪಾಲು ಮರೆಯಾಯಿತು. 1991ರಲ್ಲಿ ಬೇಡ, ನಾಯಕ, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುವು. ಹಲಗಲಿಯ ಲಾವಣಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟನೆಂಬ ಆಂಗ್ಲ ವಿದ್ವಾಂಸನು ಸಂಗ್ರಹಿಸಿದ್ದರಿಂದ ಅದು ಅಚ್ಚಿನಲ್ಲಿ ಉಳಿಯಿತು. ಲಿಂಗಸುಗೂರು ಮಸ್ಕಿಗಳ ಹಟ್ಟಿಗಳಲ್ಲಿ ಮುದುಕರ ಬಾಯಲ್ಲಿರುವ ಪದಗಳನ್ನೂ, ತಳವಾರರ ಮನೆಗಳಲ್ಲಿರಬಹುದಾದ ಉಂಬಳಿಯ ಕಾಗದಗಳನ್ನೂ ಬರೆದಿಡುವ ಕೆಲಸವನ್ನು ಆ ಊರುಗಳ ಓದಿದ ತರುಣರು ಕೈಗೊಳ್ಳಬೇಕು. ಇನ್ನೊಬ್ಬರು ಬಂದು ಬರೆಯಲೆಂದು ಕಾಯುವುದು ಬೇಡ.