ಪ್ಯಾರಿಸ್‌ನ ಬೆಳಗು

ಜನ ಬೀದಿಗಿಳಿಯುವ ಮೊದಲೇ ಪ್ಯಾರಿಸ್‌ನಲ್ಲಿ ಛಾಯಾಗ್ರಾಹಕ ಯೂಜೀನ್ ಅಟ್ಜೆ ಮನೆಯಿಂದ ಹೊರಟುಬಿಡುತ್ತಿದ್ದರು. ಜತೆಗೆ ಮರದ ದೊಡ್ಡ ಕ್ಯಾಮೆರಾ, ಅದನ್ನು ನಿಲ್ಲಿಸುವ ಮುಕ್ಕಾಲಿ, ಗಾಜಿನ ಫಲಕಗಳು, ಹೊರೆಯೆಂದರೆ ಹೊರೆ! ಮೊದಲು ನಾಟಕದ ನಟರಾಗಿದ್ದವರು. ಸುಮಾರು 30 ವರ್ಷಗಳ ಕಾಲ ಹಳೆಯ ಅಂಗಳ, ಮೆಟ್ಟಿಲು, ಅಂಗಡಿ, ಕೊನೆಗೆ ಬಾಗಿಲು ಬಡಿಯುವ ಬಳೆಯನ್ನೂ ಬಿಡದೆ ಚಿತ್ರ ತೆಗೆದರು. ಊರೇ ಮೆರೆಸುವ ಐಫೆಲ್ ಗೋಪುರದ ಗೊಡವೆಗೆ ಹೋದದ್ದು ಕಡಿಮೆ. ಅದು ಎಲ್ಲಿಗೂ ಹೋಗುವುದಿಲ್ಲವಲ್ಲ!

ಆ ಕ್ಯಾಮೆರಾಕ್ಕೆ ಬೆಳಕು ಹೀರಲು ಸಮಯ ಬೇಕು. ಹಾಗಾಗಿ ನಡೆದುಹೋದವರು ಚಿತ್ರದಲ್ಲಿ ಹೊಗೆಯಂತೆ ಮಾಸಿದರು. ಕೆಡವಲಿದ್ದ ಗೋಡೆಗಳು ಮಾತ್ರ ಸ್ಪಷ್ಟವಾಗಿ ಉಳಿದವು. ಇವು ಬರಿಯ ದಾಖಲೆ ಎನ್ನುತ್ತಿದ್ದರು ಅಟ್ಜೆ. ಚಿತ್ರಕಾರರಿಗೆ, ವಸ್ತುಸಂಗ್ರಹಾಲಯಗಳಿಗೆ ಮಾರಿ ಬದುಕಿದರು. ದಾಖಲೆ ಎಂದದ್ದು ವಿನಯವಲ್ಲ, ಕಸುಬಿನ ಮಾತು ಎಂದೇ ನನಗನಿಸುತ್ತದೆ.

1927ರಲ್ಲಿ ಅವರು ತೀರಿಕೊಂಡರು. ಉಳಿದ ಸಾವಿರಾರು ಚಿತ್ರಗಳನ್ನು ಕೊಂಡು ಕಾಪಾಡಿದ ಅಮೆರಿಕದ ಛಾಯಾಗ್ರಾಹಕಿ ಬೆರೆನಿಸ್ ಆಬಟ್, ಆಮೇಲೆ ಬದಲಾಗುತ್ತಿದ್ದ ನ್ಯೂಯಾರ್ಕಿನ ಬೀದಿಗಳಿಗೆ ತಮ್ಮದೇ ಕ್ಯಾಮೆರಾ ಹೊತ್ತು ಹೊರಟರು.